ಹೊಸ್ತಿಲಿಗಿಂತ ಎತ್ತರದ ರಸ್ತೆ

ಸರ್ಕಾರದ ದುಡ್ಡಿನಲ್ಲಿ ಓಣಿಯ ರಸ್ತೆ ಆದರೆ ಅದರ ತುದಿಯಲ್ಲಿ ಒಂದು ಕಾಮಗಾರಿ ಫಲಕ ನಿಲ್ಲುತ್ತದೆ. ಯೋಜನೆಯ ಹೆಸರು, ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರರು, ಆರಂಭದ ದಿನಾಂಕ. ಮುಗಿಯುವ ದಿನಾಂಕದ ಮುಂದೆ ಎಷ್ಟೋ ಕಡೆ ಬರೀ ಬಿಳಿ ಬಣ್ಣ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಂಥ ಊರುಗಳಲ್ಲಿ ಸಾರ್ವಜನಿಕ ಹಣದ ಬಗ್ಗೆ ಜನರಿಗೆ ಸಿಗುವ ಓದು ಹೆಚ್ಚೂಕಡಿಮೆ ಇಷ್ಟೇ. ಈ ರಸ್ತೆ ಬೇಕೆಂದು ಕೇಳಿದವರು ಯಾರು, ಮನೆಗಳ ಮಟ್ಟಕ್ಕೆ ಇದರ ಮಟ್ಟ ಎಷ್ಟು, ಗಟಾರದ ನೀರು ಕೊನೆಗೆ ಎಲ್ಲಿ ಸೇರಬೇಕು, ಐದು ವರ್ಷದ ಮೇಲೆ ಒಡೆದರೆ ದುರಸ್ತಿಯ ದುಡ್ಡು ಎಲ್ಲಿಂದ ಬರುತ್ತದೆ ಎಂಬ ನಾಲ್ಕು ಸಂಗತಿಗಳಿಗೆ ಅದರಲ್ಲಿ ಜಾಗವಿಲ್ಲ. ರಾಜ್ಯದ ರಸ್ತೆ ಅನುದಾನವನ್ನು ಸಣ್ಣ ಊರಿನ ಓಣಿಗೆ ಹಾಕುವ ಈ ಪದ್ಧತಿಯ ಗುಣದೋಷಗಳನ್ನೆಲ್ಲ ಈ ನಾಲ್ಕು ಸಂಗತಿಗಳ ಸುತ್ತಲೇ ನೋಡಬಹುದು.

ಮೊದಲು ಗುಣ. ಈ ಭಾಗದ ನೆಲ ಬಹುಪಾಲು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೃಗಶಿರಾ ಮಳೆ ಹಿಡಿದರೆ ಹಿಂದೆ ಊರಂಚಿನ ಓಣಿಗಳಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದೇ ನಡೆಯಬೇಕಿತ್ತು. ಬಾಣಂತಿಯನ್ನು ದವಾಖಾನೆಗೆ ಒಯ್ಯುವ ಗಾಡಿ ಓಣಿಯ ಬಾಯಲ್ಲೇ ನಿಲ್ಲುತ್ತಿತ್ತು. ಸಿಮೆಂಟ್ ಕಾಂಕ್ರೀಟಿನ ಸಿಸಿ ರಸ್ತೆ ಬಂದು ಅದನ್ನು ತಪ್ಪಿಸಿತು. ನಗರ ಸಂಸ್ಥೆಗಳ ಅನುದಾನದಲ್ಲಿ ಶೇ 24.10ರಷ್ಟನ್ನು ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ, ಶೇ 7.25ನ್ನು ಇತರ ಬಡವರಿಗೆ ಮೀಸಲಿಡಬೇಕೆಂಬ ನಿಯಮ ಇಲ್ಲದಿದ್ದರೆ ಕಾಂಕ್ರೀಟು ಪ್ಯಾಟಿ ದಾಟಿ ಹರಿಜನಕೇರಿಗೂ ನೇಕಾರರ ಓಣಿಗೂ ಬರಲು ಇನ್ನೂ ಎಷ್ಟು ಕಾಲ ಬೇಕಿತ್ತೋ. ಈ ಪದ್ಧತಿಯಲ್ಲಿ ನಾನು ಯಾವ ತಕರಾರೂ ಇಲ್ಲದೆ ಮೆಚ್ಚುವ ಭಾಗ ಇದೊಂದೇ. ಮೆಚ್ಚುಗೆಯ ಕಾರಣವನ್ನೂ ಹೇಳಬೇಕು: ಅಲ್ಲಿ ಹಂಚಿಕೆಗೆ ಲೆಕ್ಕವಿದೆ, ಮರ್ಜಿಯಿಲ್ಲ.

ಉಳಿದ ಕಡೆ ಮರ್ಜಿಯದೇ ರಾಜ್ಯಭಾರ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದರೊಂದಿಗೆ ಸೇರಿದ 12ನೇ ಅನುಸೂಚಿಯ ನಾಲ್ಕನೆಯ ಬಾಬ್ತೇ ರಸ್ತೆ ಮತ್ತು ಸೇತುವೆ. ಅಂದರೆ ಊರ ರಸ್ತೆ ಊರ ಪುರಸಭೆಯ ಕೆಲಸ. ಕಾಗದದಲ್ಲಿ ಕೆಲಸ ಕೆಳಗಿಳಿಯಿತು, ದುಡ್ಡು ಮೇಲೆಯೇ ಉಳಿಯಿತು. ಪುರಸಭೆಯ ಕೈಗೆ ಬರುವ ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ಸಿಬ್ಬಂದಿಯ ವೇತನ ಮತ್ತು ಬೀದಿದೀಪ, ನೀರಿನ ಪಂಪಿನ ಕರೆಂಟ್ ಬಿಲ್ಲಿಗೆ ಪ್ರತ್ಯೇಕ ಪಾಲು ಕತ್ತರಿಸಿಟ್ಟ ಮೇಲೆ ಉಳಿಯುವುದು 'ಮುಕ್ತನಿಧಿ'. ಎಲ್ಲರ ಕಣ್ಣೂ ಅದರ ಮೇಲೇ. ಇನ್ನು ಆಸ್ತಿ ತೆರಿಗೆ. ಅದರ ರಸೀದಿಯಲ್ಲಿ ತೆರಿಗೆಯ ಮೇಲೆ ಶೇ 15 ಆರೋಗ್ಯ ಕರ, ಶೇ 6 ಗ್ರಂಥಾಲಯ ಕರ, ಶೇ 3 ಭಿಕ್ಷುಕರ ಕರ ಕಾಣುತ್ತವೆ. ಓಣಿಯ ರಸ್ತೆ ದುರಸ್ತಿಗೆಂದೇ ತೆಗೆದಿಟ್ಟ ಪಾಲು ಕಾಣುವುದಿಲ್ಲ. ಹೀಗಾಗಿ ದೊಡ್ಡ ರಸ್ತೆ ಬೇಕೆಂದರೆ ಪಟ್ಟಣಗಳ ಅಭಿವೃದ್ಧಿಗೆ ರಾಜ್ಯ ಹಂತಹಂತವಾಗಿ ಹಣ ಕೊಡುವ ನಗರೋತ್ಥಾನ ಯೋಜನೆಯ ಮುಂದಿನ ಹಂತಕ್ಕೆ ಕಾಯಬೇಕು, ಇಲ್ಲವೇ ವಿಶೇಷ ಅನುದಾನಕ್ಕೆ ಶಾಸಕರ ಪತ್ರ ಹಿಡಿದು ಬೆಂಗಳೂರಿಗೆ ಹೋಗಬೇಕು, ಇಲ್ಲವೇ ಊರ ನಡುವೆ ಹಾಯುವ ಹೆದ್ದಾರಿಯ ಹೆಸರಿನಲ್ಲಿ ಲೋಕೋಪಯೋಗಿ ಇಲಾಖೆಯ ಕಾಮಗಾರಿಗಳ ಅಪೆಂಡಿಕ್ಸ್-ಇ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿಕೊಳ್ಳಬೇಕು.

ಗುತ್ತಿಗೆದಾರರ ಮಾತಿನಲ್ಲಿ ರಸ್ತೆಗೆ ಊರ ಹೆಸರಿಗಿಂತ ಲೆಕ್ಕಶೀರ್ಷಿಕೆಯೇ ಹೆಸರು. 'ಐವತ್ತು ಐವತ್ನಾಕು' ಅಂದರೆ ಹೊಸದಾಗಿ ಕಟ್ಟುವ ಬಂಡವಾಳ ವೆಚ್ಚ; 'ಮೂವತ್ತು ಐವತ್ನಾಕು' ಅಂದರೆ ಇದ್ದುದನ್ನು ಕಾಯುವ ವೆಚ್ಚ. ಮೊದಲನೆಯದಕ್ಕೆ ಪೆಂಡಾಲು, ಗುದ್ದಲಿಪೂಜೆ, ಶಾಲು, ಮರುದಿನದ ಪತ್ರಿಕೆಯಲ್ಲಿ ಫೋಟೊ. ಎರಡನೆಯದಕ್ಕೆ ಪೂಜೆ ಮಾಡಿದವರನ್ನು ನಾನಂತೂ ನೋಡಿಲ್ಲ. ಗುಂಡಿ ಮುಚ್ಚಿದ್ದಕ್ಕೆ ಶಿಲಾಫಲಕ ಯಾರು ಹಾಕಿಸುತ್ತಾರೆ? ಈ ಒಂದು ವ್ಯತ್ಯಾಸದಿಂದಲೇ ನಮ್ಮ ಊರುಗಳ ರಸ್ತೆಯ ಆಕಾರ ನಿರ್ಧಾರವಾಗಿದೆ ಅಂದರೆ ಅತಿಯಾಗದು. ರಸ್ತೆಯನ್ನು ಕಾಯಲು ದುಡ್ಡಿಲ್ಲ, ಆದ್ದರಿಂದ ಅದು ಹಾಳಾಗುವತನಕ ಬಿಡುತ್ತಾರೆ. ಹಾಳಾದ ಮೇಲೆ ಹೊಸದಕ್ಕೆ ದುಡ್ಡು ಬರುತ್ತದೆ. ಹಳೆಯದನ್ನು ಕಿತ್ತು ಸಾಗಿಸುವುದು ಖರ್ಚಿನ, ತಡದ ಕೆಲಸ. ಹಾಗಾಗಿ ಅದರ ಮೇಲೆಯೇ ಮತ್ತೊಂದು ಪದರ.

ಇದರ ಫಲವನ್ನು ಹತ್ತಿರ ಹೋಗಿ ನೋಡಬೇಕಾದರೆ ಯಾವುದಾದರೂ ಹಳೆಯ ಓಣಿಗೆ ನಡೆಯಿರಿ. ಕಲ್ಲಿನ ಕಟ್ಟಿ ಇರುವ ಮನೆ. ಒಂದು ಕಾಲಕ್ಕೆ ಓಣಿಯಿಂದ ಮೂರು ಮೆಟ್ಟಿಲು ಹತ್ತಿ ಕಟ್ಟಿಗೆ ಬರಬೇಕಿತ್ತು. ಸಂಜೆ ಹಿರಿಯರು ಕಾಲು ಇಳಿಬಿಟ್ಟು ಕೂಡ್ರುತ್ತಿದ್ದರು. ಅರ್ಧ ಅಡಿ ದಪ್ಪದ ಕಾಂಕ್ರೀಟ್ ಒಮ್ಮೆ ಬಿತ್ತು, ಕೆಲ ವರ್ಷಗಳ ಮೇಲೆ ಇನ್ನೊಮ್ಮೆ. ಮೆಟ್ಟಿಲು ಒಂದೊಂದಾಗಿ ರಸ್ತೆಯೊಳಗೆ ಹೂತುಹೋದವು. ಈಗ ಕಟ್ಟಿಯ ಮೇಲೆ ಕೂತವರ ಮೊಣಕಾಲು ಎದೆಗೆ ಬರುತ್ತದೆ. ಪಕ್ಕದ ಕಟ್ಟಿಯಿಲ್ಲದ ಮನೆಯಲ್ಲಿ ಓಣಿಯಿಂದ ಒಳಗೆ ಇಳಿಯಬೇಕು. ಹೊಸ್ತಿಲಿನ ಹೊರಗೆ ಸಿಮೆಂಟಿನ ಗೇಣೆತ್ತರದ ಒಡ್ಡು ಕಟ್ಟಿಕೊಂಡಿದ್ದಾರೆ. ಅಂಥ ಒಂದು ಮನೆಯ ಅಜ್ಜಿ ಹೇಳಿದ್ದು: "ರೋಡ ಮ್ಯಾಲ ಬಂತು, ಮನಿ ಕೆಳಗ ಹೋತು ನೋಡ್ರಿ. ಮಳಿ ಬಂದ್ರ ಓಣ್ಯಾನ ನೀರಿಗೆಲ್ಲ ನಮ್ಮ ಪಡಸಾಲಿನ ಬೇಕು." ಗಟಾರವೂ ಅಲ್ಲೇ ಇದೆ. ಆದರೆ ಅದು ಹಿಂದಿನ ರಸ್ತೆಯ ಅಂದಾಜುಪಟ್ಟಿಗೆ ಸೇರಿದ್ದು, ಅಥವಾ ಮುಂದಿನದಕ್ಕೆ ಸೇರಬೇಕಾದದ್ದು. ಈ ಸಲದ ಮೊತ್ತ ರಸ್ತೆಗೆ ಮಾತ್ರ ಸಾಕಾಯಿತು.

ಕ್ಯೂರಿಂಗಿನದು ಇನ್ನೊಂದು ಕಥೆ. ಕಾಂಕ್ರೀಟ್ ಹಾಕಿದ ಮೇಲೆ ಮಣ್ಣಿನ ಸಣ್ಣ ಸಣ್ಣ ಕಟ್ಟೆ ಕಟ್ಟಿ, ನೀರು ನಿಲ್ಲಿಸಿ, ವಾರಗಟ್ಟಲೆ ಒದ್ದೆಯಾಗಿಡಬೇಕು. ಓಣಿಯಲ್ಲಿ ನಳದ ನೀರು ಬರುವುದೇ ಎಷ್ಟೋ ದಿನಕ್ಕೊಮ್ಮೆ ಎಂದಾಗ ರಸ್ತೆಗೆ ಕುಡಿಸಲು ನೀರೆಲ್ಲಿ? ಟ್ಯಾಂಕರು ಮೂರು ದಿನ ಬರುತ್ತದೆ, ನಾಲ್ಕನೆಯ ದಿನ ಬೈಕುಗಳು ಹಾಯುತ್ತವೆ. ಇದರಲ್ಲಿ ಓಣಿಯವರ ಪಾಲೂ ಇದೆ, ಎಲ್ಲವನ್ನೂ ಗುತ್ತಿಗೆದಾರರ ತಲೆಗೆ ಕಟ್ಟಲಾಗದು. ಎರೆಮಣ್ಣಿನ ಮೇಲೆ ಸರಿಯಾಗಿ ಗರಸು ಹಾಕಿ ರೋಲರ್ ಹೊಡೆಸದೆ ಎಷ್ಟೇ ಒಳ್ಳೆಯ ಕಾಂಕ್ರೀಟ್ ಹಾಕಿದರೂ ಎರಡು ಬೇಸಿಗೆಯಲ್ಲಿ ನಡುವೆ ಉದ್ದಕ್ಕೆ ಸೀಳುತ್ತದೆ ಎಂಬುದು ಮಾತ್ರ ಈ ಭಾಗದ ಎಂಜಿನಿಯರುಗಳಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ.

ಅಮೃತ ನಗರೋತ್ಥಾನದ ನಾಲ್ಕನೆಯ ಹಂತಕ್ಕೆ ರಾಜ್ಯ ಸರ್ಕಾರ ಎತ್ತಿಟ್ಟದ್ದು ₹3,885 ಕೋಟಿ. ಹೆಚ್ಚೂಕಡಿಮೆ ಅದೇ ಹೊತ್ತಿಗೆ, 2021ರ ಅಕ್ಟೋಬರಿನಲ್ಲಿ, ಕೇಂದ್ರದ ಅಮೃತ್ 2.0 ಎಲ್ಲ ಪಟ್ಟಣಗಳಿಗೂ ನಳದ ನೀರು ಕೊಡುವುದಾಗಿ ಹೊರಟಿತು. ಒಂದು ಯೋಜನೆ ರಸ್ತೆ ಮುಚ್ಚುವುದು, ಇನ್ನೊಂದು ರಸ್ತೆ ಅಗೆಯುವುದು. ಎರಡಕ್ಕೂ ಬೇರೆ ಬೇರೆ ಕ್ರಿಯಾಯೋಜನೆ, ಬೇರೆ ಟೆಂಡರು, ಬೇರೆ ಗಡುವು. ಯಾವುದು ಮೊದಲು ಬರಬೇಕು ಎಂದು ಊರು ಹೇಳುವಂತಿಲ್ಲ. ಯಾವುದರ ಮಂಜೂರಾತಿ ಮೊದಲು ಬಂತೋ ಅದೇ ಮೊದಲು. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳ ಖರ್ಚಿನ ಬಗ್ಗೆ ಬೇಕಾದಷ್ಟು ಟೀಕೆ ಇದೆ, ನನಗೂ ಇದೆ. ಆದರೆ ಕೊಳವೆ, ಕೇಬಲ್ಲು, ಗಟಾರ ಎಲ್ಲ ನೆಲದೊಳಗೆ ಕೂತ ಮೇಲೆ ಡಾಂಬರು ಎಂಬ ಅದರ ಕ್ರಮ ಮಾತ್ರ ಸರಿಯಿತ್ತು. ಆ ಕ್ರಮಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಎರಡು ಇಲಾಖೆಗಳು ಒಂದೇ ಮೇಜಿಗೆ ಕೂತರೆ ಸಾಕು.

ನಾಲ್ಕೂ ಊರುಗಳ ಪಾಡು ಒಂದೇ ಅಲ್ಲ. ನಗರೋತ್ಥಾನದಲ್ಲಿ ಮೊತ್ತ ನಿಗದಿಯಾಗುವುದು ಸಂಸ್ಥೆಯ ವರ್ಗ ನೋಡಿ: ಪುರಸಭೆಗೆ ಇಷ್ಟು, ಪಟ್ಟಣ ಪಂಚಾಯಿತಿಗೆ ಇಷ್ಟು. ಸವದತ್ತಿಯ ರಸ್ತೆ ತುಳಿಯುವವರು ಸವದತ್ತಿಯವರಷ್ಟೇ ಅಲ್ಲ ಎಂಬುದು ಈ ಲೆಕ್ಕಕ್ಕೆ ಗೊತ್ತಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಚಕ್ಕಡಿ, ಟ್ರ್ಯಾಕ್ಟರು, ಕ್ರೂಸರು ಕಟ್ಟಿಕೊಂಡು ಲಕ್ಷಗಟ್ಟಲೆ ಜನ ಜೋಗುಳಬಾವಿಯಲ್ಲಿ ಮಿಂದು ಯಲ್ಲಮ್ಮನ ಗುಡ್ಡ ಹತ್ತುತ್ತಾರೆ. ಗುಡ್ಡಕ್ಕೆ ದುಡ್ಡು ಬಂದಿದೆ: 2024ರಲ್ಲಿ ಅದಕ್ಕೊಂದು ಪ್ರವಾಸೋದ್ಯಮ ಅಭಿವೃದ್ಧಿ ಮಂಡಳಿಯಾಯಿತು, ಕೇಂದ್ರದಿಂದ ರಾಜ್ಯಕ್ಕೆ 50 ವರ್ಷದ ಬಡ್ಡಿಯಿಲ್ಲದ ಸಾಲದ ರೂಪದಲ್ಲಿ ₹100 ಕೋಟಿಯೂ ಮಂಜೂರಾಯಿತು. ಗುಡ್ಡದ ಕೆಳಗಿನ ಊರು ಮಾತ್ರ ತನ್ನ ವರ್ಗದ ಪಾಲಿನಲ್ಲೇ ಆ ಜನರ ಭಾರ ಹೊರಬೇಕು.

ಬೈಲಹೊಂಗಲದ ಭಾರ ಬೇರೆ ತರಹದ್ದು. ಕಬ್ಬಿನ ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸೋಮೇಶ್ವರ ಕಾರ್ಖಾನೆಗೆ, ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಕಾರ್ಖಾನೆಗೆ, ಮುನವಳ್ಳಿಯ ಕಡೆಗೆ ಹಗಲೂ ರಾತ್ರಿ ಓಡುತ್ತವೆ. ಕಬ್ಬು ಊರಿಗೆ ಬದುಕು ಕೊಟ್ಟಿದೆ, ನಿಜ. ಆದರೆ ಆ ಟ್ರೇಲರುಗಳ ತೂಕಕ್ಕೆ ತಕ್ಕ ರಸ್ತೆಗೆ ಒಂದು ಅಂದಾಜುಪಟ್ಟಿ, ಬರೀ ಬೈಕು ಓಡಾಡುವ ಓಣಿಗೆ ಇನ್ನೊಂದು ಎಂಬ ವಿವೇಚನೆ ಅನುದಾನದ ಜೊತೆ ಬರುವುದಿಲ್ಲ.

ಕಿತ್ತೂರಿನದು ವಿಚಿತ್ರ. 2021ರಲ್ಲಿ ಮುಂಬೈ ಕರ್ನಾಟಕದ ಏಳು ಜಿಲ್ಲೆಗಳಿಗೆ ಈ ಊರಿನ ಹೆಸರು ಇಟ್ಟರು. ಬ್ರಿಟಿಷರ ವಿರುದ್ಧ ಇಲ್ಲಿ ನಡೆದ 1824ರ ಹೋರಾಟಕ್ಕೆ ಇನ್ನೂರು ವರ್ಷ ತುಂಬಿದಾಗ ಉತ್ಸವ ಅದ್ಧೂರಿಯಾಗಿ ಆಯಿತು. ಇಷ್ಟು ದೊಡ್ಡ ಹೆಸರಿನ ಊರು ಅನುದಾನದ ಪಟ್ಟಿಯಲ್ಲಿ ಪಟ್ಟಣ ಪಂಚಾಯಿತಿ, ಅಂದರೆ ಎಲ್ಲಕ್ಕಿಂತ ಸಣ್ಣ ಪಾಲಿನ ಸಾಲು.

ರಾಮದುರ್ಗದಲ್ಲಿ ಪ್ರಶ್ನೆ ನೀರಿನದು. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ಮಲಪ್ರಭೆ ದಂಡೆ ಮೀರಿ ನೇಕಾರರ ಓಣಿಗಳಿಗೆ ನುಗ್ಗಿತು. ಮಗ್ಗಗಳ ಕುಣಿಯಲ್ಲಿ ಕೆಸರು ತುಂಬಿತು. ಹೊಳೆ ದಂಡೆಯ ಊರಿನಲ್ಲಿ ರಸ್ತೆಯ ಮಟ್ಟ ಎನ್ನುವುದು ಎಂಜಿನಿಯರಿನ ಹಠದ ವಿಷಯವಾಗಬಾರದು. ಎತ್ತರಿಸಿದ ಪ್ರತಿ ಕಾಂಕ್ರೀಟ್ ಪಟ್ಟಿಯೂ ಬಂದ ನೀರನ್ನು ಹಿಡಿದು ನಿಲ್ಲಿಸುವ ಒಡ್ಡು, ಓಣಿಯ ತುದಿಯಿಂದ ತುದಿಗೆ ಹಾಸಿದರೆ ಇಂಗಲು ನೆಲವೂ ಇಲ್ಲ. ನೆರೆಯಾದ ಮೇಲೆ ಬರುವ ದುರಸ್ತಿ ಹಣದಲ್ಲೂ ಅದೇ ಕಾಂಕ್ರೀಟ್ ಬರುತ್ತದೆ.

ಇದನ್ನೆಲ್ಲ ಊರವರೇ ಹೇಳಬೇಕಾದ ಜಾಗ ಪುರಸಭೆಯ ಸಭೆ. 2018ರಲ್ಲಿ ಚುನಾವಣೆ ನಡೆದ ರಾಜ್ಯದ ಬಹಳಷ್ಟು ಪಟ್ಟಣಗಳಲ್ಲಿ ಅಧ್ಯಕ್ಷ–ಉಪಾಧ್ಯಕ್ಷರ ಮೀಸಲಾತಿಯ ತಕರಾರು ಕೋರ್ಟಿಗೆ ಹೋಗಿ, ಗೆದ್ದ ಸದಸ್ಯರು 2020ರ ಕೊನೆಯವರೆಗೆ ಅಧಿಕಾರವಿಲ್ಲದೆ ಕೂತರು. ಮೊದಲ ಅವಧಿ ಮುಗಿದ ಮೇಲೆ 2023ರಿಂದ 2024ರ ಆಗಸ್ಟ್‌ವರೆಗೆ ಮತ್ತದೇ ಪಾಡು. ಆ ದಿನಗಳಲ್ಲಿ ಕ್ರಿಯಾಯೋಜನೆಗೆ ಸಹಿ ಹಾಕಿದವರು ಆಡಳಿತಾಧಿಕಾರಿಗಳು. ಅವರು ಅಪ್ರಾಮಾಣಿಕರು ಎಂದು ನಾನು ಹೇಳುತ್ತಿಲ್ಲ; ಯಾವ ಓಣಿಯ ಗಟಾರ ಯಾವ ಮನೆಯ ಹಿತ್ತಲಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದು ವಾರ್ಡಿನ ಸದಸ್ಯರಿಗೆ ಗೊತ್ತಿರುವಷ್ಟು ತಹಶೀಲ್ದಾರರಿಗೆ ಗೊತ್ತಿರಲು ಸಾಧ್ಯವಿಲ್ಲ. ಶಾಸಕರ ಹಿಡಿತ ಗಟ್ಟಿಯಾದದ್ದು ಹೀಗೆಯೇ. 2025–26ರ ಬಜೆಟ್ಟಿನಲ್ಲಿ ಕ್ಷೇತ್ರಗಳ ಮೂಲಸೌಕರ್ಯಕ್ಕೆಂದು ಘೋಷಿಸಿದ ₹8,000 ಕೋಟಿಯ ಮುಖ್ಯಮಂತ್ರಿ ಕಾರ್ಯಕ್ರಮವೂ ಲೆಕ್ಕ ಹಾಕುವುದು ವಿಧಾನಸಭಾ ಕ್ಷೇತ್ರವನ್ನು, ಪಟ್ಟಣವನ್ನಲ್ಲ.

ಊರೊಳಗಿನ ರಸ್ತೆ ಯಾರದ್ದು ಎಂಬ ಪ್ರಶ್ನೆಗೆ ಸರ್ಕಾರಗಳು ತಟ್ಟನೆ ಉತ್ತರ ಕಂಡುಕೊಂಡ ಸಂದರ್ಭವೂ ಒಂದಿದೆ. ಹೆದ್ದಾರಿಯಿಂದ 500 ಮೀಟರಿನೊಳಗೆ ಸಾರಾಯಿ ಅಂಗಡಿ ಕೂಡದು ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಹೇಳಿದ್ದೇ ತಡ, ಕೆಲವು ರಾಜ್ಯಗಳು ಪಟ್ಟಣದೊಳಗಿನ ಹೆದ್ದಾರಿ ತುಂಡುಗಳನ್ನು ಅವಸರದಲ್ಲಿ ಊರ ರಸ್ತೆಗಳೆಂದು ಘೋಷಿಸಿದವು. ಅಂಗಡಿಗಾಗಿ ತೋರಿದ ಈ ಚುರುಕನ್ನು ಗಟಾರಕ್ಕಾಗಿ ತೋರಿದ್ದು ಕೇಳಿಲ್ಲ.

ಬೇರೆ ದಾರಿಯೇ ಇಲ್ಲವೆಂದಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪೆಟ್ರೋಲ್ ತೆರಿಗೆಯ ಒಂದು ಪಾಲು ಪ್ರತಿ ಪಟ್ಟಣಕ್ಕೂ ಅದರ ಜನಸಂಖ್ಯೆಯ ಲೆಕ್ಕದಲ್ಲಿ ತಾನಾಗಿಯೇ ಹೋಗುತ್ತದೆ. ಯಾವ ಬೀದಿಗೆ ಬಳಸುತ್ತೇವೆಂದು ಪಟ್ಟಣದ ಸಭೆ ಠರಾವು ಮಾಡುತ್ತದೆ, ರಾಜ್ಯದ ಸಾರಿಗೆ ಇಲಾಖೆ ಒಪ್ಪಿಗೆ ಕೊಡುತ್ತದೆ. ಹೊಸ ರಸ್ತೆಗಷ್ಟೇ ಅಲ್ಲ, ಗುಂಡಿ ಮುಚ್ಚುವುದಕ್ಕೂ ಅದೇ ಹಣ. ಅಲ್ಲಿ ಎಲ್ಲವೂ ಚಂದ ಎಂದಲ್ಲ; ಆದರೆ ಮುಂದಿನ ವರ್ಷ ಎಷ್ಟು ಬರುತ್ತದೆಂದು ಊರಿಗೆ ಮೊದಲೇ ಅಂದಾಜಿರುತ್ತದೆ, ಅದಕ್ಕಾಗಿ ಯಾರ ಬಾಗಿಲಲ್ಲೂ ನಿಲ್ಲಬೇಕಿಲ್ಲ. ನಮ್ಮಲ್ಲಿ ರಾಜ್ಯದ ಮಾರಾಟ ತೆರಿಗೆ 2024ರ ಜೂನಿನಿಂದ ಪೆಟ್ರೋಲಿಗೆ ಶೇ 29.84. ಬೈಲಹೊಂಗಲದ ಬಂಕಿನಲ್ಲಿ ಕಟ್ಟಿದ ಆ ತೆರಿಗೆ ನೇರ ಬೆಂಗಳೂರಿಗೆ ಹೋಗುತ್ತದೆ, ಅದರಲ್ಲಿ ಬೈಲಹೊಂಗಲದ ಓಣಿಗೆ ಇಂತಿಷ್ಟು ಎಂಬ ಹಕ್ಕಿನ ಪಾಲಿಲ್ಲ. ಸಿ. ನಾರಾಯಣಸ್ವಾಮಿ ಅಧ್ಯಕ್ಷತೆಯ ಐದನೆಯ ರಾಜ್ಯ ಹಣಕಾಸು ಆಯೋಗದ ಎದುರು ಪಟ್ಟಣಗಳ ಪರವಾಗಿ ಇಡಬಹುದಾಗಿದ್ದ ಬಲವಾದ ಬೇಡಿಕೆ ಇದೇ ಆಗಿತ್ತು: ಮೊತ್ತ ಹೆಚ್ಚಿಸಿ ಎನ್ನುವುದಕ್ಕಿಂತ, ರಸ್ತೆಯ ಉದ್ದ ಮತ್ತು ಓಡಾಟ ನೋಡಿ ಪ್ರತಿ ವರ್ಷ ನಿಶ್ಚಿತವಾಗಿ ಕೊಡಿ, ಅದರಲ್ಲೊಂದು ಪಾಲನ್ನು ದುರಸ್ತಿಗೇ ಕಟ್ಟಿಹಾಕಿ.

ಹಾಗೆ ಕೇಳಬೇಕಾದರೆ ಪುರಸಭೆಯ ಕೈಯಲ್ಲಿ ಮೊದಲು ಒಂದು ವಹಿ ಬೇಕು. ಪ್ರತಿ ಓಣಿಯ ಉದ್ದ, ಅಗಲ, ಯಾವ ವರ್ಷ ಯಾವ ಯೋಜನೆಯಲ್ಲಿ ಏನು ಹಾಕಿದ್ದು, ಕೆಳಗೆ ಕೊಳವೆ ಎಲ್ಲಿದೆ, ಗಟಾರ ಯಾವ ದಿಕ್ಕಿಗೆ ಇಳಿಜಾರು, ಗುತ್ತಿಗೆದಾರರ ಹೊಣೆಯ ಅವಧಿ ಮುಗಿಯುವುದು ಯಾವಾಗ ಎಂಬುದನ್ನೆಲ್ಲ ಅದರಲ್ಲಿ ಬರೆದಿರಬೇಕು, ಕೇಳಿದವರಿಗೆ ತೋರಿಸಬೇಕು. ಅದಕ್ಕೆ ಯಾವ ಅನುದಾನವೂ ಬೇಡ; ಇಬ್ಬರು ಸಿಬ್ಬಂದಿ, ಒಂದು ಟೇಪು, ಒಂದು ಮಳೆಗಾಲ ಸಾಕು. ಮಳೆಗಾಲವೇ ಬೇಕು ಯಾಕೆಂದರೆ ನೀರು ಎಲ್ಲಿ ನಿಲ್ಲುತ್ತದೆಂದು ಬೇಸಿಗೆಯಲ್ಲಿ ಅಳೆದು ಗೊತ್ತಾಗುವುದಿಲ್ಲ, ಅಂದಾಜುಪಟ್ಟಿಗಳು ತಯಾರಾಗುವುದು ಮಾತ್ರ ಬಹುಪಾಲು ಮಾರ್ಚ್ ತಿಂಗಳಲ್ಲಿ.