ಆಪ್ತ, ಯಾರಿಗೆ ಆಪ್ತ?

ಜೆಪ್ಪುವಿನಲ್ಲಿ ಬುದ್ಧಿ ಹೇಳುವವರಿಗೆ ಎಂದೂ ಬರ ಬಂದದ್ದಿಲ್ಲ. 1879ರಲ್ಲಿ ಶುರುವಾದ ಸಂತ ಜೋಸೆಫರ ಸೆಮಿನರಿ ಇಲ್ಲಿದೆ. ಇಲ್ಲಿ ಹೆಂಚಿನ ಕಾರ್ಖಾನೆ ನಡೆಸಿದ ಬಾಸೆಲ್ ಮಿಶನ್ನಿನವರು ಕೂಲಿಯ ಜೊತೆ ನಡತೆಯನ್ನೂ ಕಲಿಸಿದರು. ಪಕ್ಕದ ವೆಲೆನ್ಸಿಯಾದ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತ ಬಂದಿದೆ. ಪಾದ್ರಿ, ಮೇಸ್ತ್ರಿ, ಮೇಷ್ಟ್ರು ಕೂತಿದ್ದ ಕುರ್ಚಿಯಲ್ಲಿ ಈಗ ಆಪ್ತಸಮಾಲೋಚಕರೂ ಕೂತಿದ್ದಾರೆ. ಅವರು ಬೇಡ ಅಂತ ನಾವು ಹೇಳುತ್ತಿಲ್ಲ. ನೊಂದವರ ಮಾತಿಗೆ ಒಂದು ಕಿವಿ ಸಿಗುವುದು ದೊಡ್ಡದೇ. ನಮ್ಮ ತಕರಾರು ಬೇರೆ: ಎದುರಿಗೆ ಕೂತವರ ಮೇಲೆ ತಮಗಿರುವ ಹಿಡಿತವನ್ನು ಇವರು ಹೇಗೆ ಕಾಣುತ್ತಾರೆ?

ತಾವು ಬರೀ ಕನ್ನಡಿ, ದಾರಿ ಬಂದವರದೇ ಎಂಬುದು ಈ ವೃತ್ತಿಯ ಹೆಮ್ಮೆ. ಇದಕ್ಕೆ ಬಲ ಕೊಟ್ಟವರು ಅಮೆರಿಕದ ಕಾರ್ಲ್ ರೋಜರ್ಸ್. 'ರೋಗಿ' ಎಂಬ ಮಾತನ್ನೇ ಬಿಟ್ಟು, ಬಂದವರ ವಿವೇಕವನ್ನು ನಂಬಿದ ದೊಡ್ಡ ಮನುಷ್ಯ. ಆದರೆ 1966ರಲ್ಲಿ ಚಾರ್ಲ್ಸ್ ಟ್ರೂಆಕ್ಸ್ ರೋಜರ್ಸರದೇ ಒಂದು ದೀರ್ಘ ಸಮಾಲೋಚನೆಯ ಧ್ವನಿಮುದ್ರಿಕೆ ಪರೀಕ್ಷಿಸಿದಾಗ ಕಂಡದ್ದೇನು? ಕೆಲವು ಬಗೆಯ ಮಾತಿಗೆ ರೋಜರ್ಸರ ಅಕ್ಕರೆ ಹೆಚ್ಚುತ್ತಿತ್ತು. ಅಂಥ ಮಾತುಗಳಲ್ಲಿ ಹಲವು ಬೆಳೆಯುತ್ತ ಹೋದವು. ಹೂಂಗುಟ್ಟುವುದೂ ಒಂದು ಅಪ್ಪಣೆಯೇ!

ಅಲ್ಲೇ ಹೀಗಾದರೆ ಜಾತಿಯ ನಾಡಿನಲ್ಲಿ? ಕಾರಂತರ 'ಚೋಮನ ದುಡಿ'ಯನ್ನು (1933) ಈ ಕಣ್ಣಿನಿಂದಲೂ ಓದಬೇಕು. ಒಡೆಯ ಸಂಕಪ್ಪಯ್ಯ ಕೆಟ್ಟವನಲ್ಲ, ಪಾದ್ರಿಯೂ ಕೆಟ್ಟವನಲ್ಲ. ಚೋಮ ಕೇಳಿದ್ದು ತುಂಡು ಭೂಮಿ. ಒಂದು ಕಡೆ ಸಂಪ್ರದಾಯ ಅಡ್ಡ ಬಂತು, ಇನ್ನೊಂದು ಕಡೆ ಮತಾಂತರದ ಷರತ್ತು. ಒಳ್ಳೆಯವರ ನಡುವೆಯೇ ಅವನು ಮುಗಿದುಹೋದ.

ಇವತ್ತು ಕೇರಿಯ ಹುಡುಗನೊಬ್ಬ ಹಾಸ್ಟೆಲಿನಲ್ಲಿ ಜಾತಿ ಬೈಗುಳ ತಿಂದು, ನಿದ್ದೆಗೆಟ್ಟು ಬಂದನೆನ್ನಿ. "ನಿನ್ನಲ್ಲಿ ಆತ್ಮವಿಶ್ವಾಸ ಕಡಿಮೆ ಕಣಪ್ಪ" ಅಂದರೆ "ಹೌದು ಸಾರ್" ಅಂತಾನೆ. ಸಮಾಲೋಚಕರು ಅದನ್ನು ಒಪ್ಪಿಗೆ ಅಂತ ಬರಕೊಳ್ತಾರೆ. ಗೆಳೆಯರೇ, ಅದು ಒಪ್ಪಿಗೆಯಲ್ಲ. ಧಣಿಗಳ ಅಂಗಳದಲ್ಲಿ ತಲೆತಲಾಂತರದಿಂದ ಕಲಿತ 'ಹೌದು'. ಬೈದವನ ತಪ್ಪು ಬೈಸಿಕೊಂಡವನ ಕಾಯಿಲೆಯಾಗುವುದು ಹೀಗೆ.

ಹಿಡಿತ ಇಲ್ಲ ಅನ್ನುವವರ ಹಿಡಿತವೇ ಬಿಗಿ. ಅದನ್ನು ಒಪ್ಪಿಕೊಂಡವರು ಮಾತ್ರ ಸಡಿಲಿಸಬಲ್ಲರು. ಸಮಾಲೋಚಕರು ದಿನವೂ ಕೇಳಿಕೊಳ್ಳಲಿ: ನಿಮ್ಮ ಮಾತು ತಪ್ಪು ಅಂತ ನನ್ನೆದುರು ಹೇಳುವ ಧೈರ್ಯ ಇವನಿಗೆ ಬಂದಿದೆಯೇ? ಬಂದ ದಿನ 'ಆಪ್ತ' ಎಂಬ ಮಾತಿಗೆ ಅರ್ಥ. ಅಲ್ಲಿವರೆಗೆ ಅದು ಬೋರ್ಡಿನ ಮೇಲಿನ ಬಣ್ಣ.