ಅಡುಗೆಯ ಎಲಿಜಬೆತ್ ಹೇಳಿದ ಸುಳ್ಳು

'ಗ್ಯಾಸ್‌ಲೈಟಿಂಗ್' ಅನ್ನೋ ಪದ ಈಗ ಸವೆದು ಸವೆದು ಹಳೇ ನಾಣ್ಯದ ಥರ ಆಗಿದೆ. ಮೀಟಿಂಗ್ ಎಷ್ಟು ಗಂಟೆಗೆ ಅಂತ ಮ್ಯಾನೇಜರ್ ಮರೆತರೂ ಗ್ಯಾಸ್‌ಲೈಟಿಂಗ್, ಗಂಡ ಹಾಲು ತರೋದು ಮರೆತರೂ ಗ್ಯಾಸ್‌ಲೈಟಿಂಗ್. 2022ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು ಇದನ್ನು ವರ್ಷದ ಪದ ಅಂತ ಆರಿಸಿದ್ದೂ ಆಯ್ತು. ಪದ ಹುಟ್ಟಿದ್ದು ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ಬರೆದ ನಾಟಕದಿಂದ. ಅದನ್ನು ಮನೆಮಾತು ಮಾಡಿದ್ದು ಜಾರ್ಜ್ ಕ್ಯೂಕರ್ 1944ರಲ್ಲಿ ತೆಗೆದ ಸಿನಿಮಾ 'ಗ್ಯಾಸ್‌ಲೈಟ್'. ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ತಂದುಕೊಟ್ಟ ಚಿತ್ರ. ಪದ ಬಳಸುವವರಲ್ಲಿ ಸಿನಿಮಾ ನೋಡಿದವರು ಕಮ್ಮಿ. ನೋಡಿದವರಿಗೂ ನೆನಪಿರೋದು ತಾನಾಗಿ ಮಂಕಾಗುವ ದೀಪ ಮಾತ್ರ.

ನನ್ನ ತಕರಾರು ಇರೋದು ಇಲ್ಲೇ. ಈ ಸಿನಿಮಾದಲ್ಲಿ ದೀಪಕ್ಕಿಂತ ಭಯಂಕರವಾದದ್ದು ಇನ್ನೊಂದಿದೆ. ಅದು ಹೆಂಡತಿಯ ಹೆಸರನ್ನು ಸುತ್ತಲಿನವರ ಮನಸ್ಸಿನಲ್ಲಿ ಒಂದೊಂದೇ ಹನಿಯಾಗಿ ಕೆಡಿಸುವ ಕೆಲಸ. ಇಂಗ್ಲಿಷಿನವರು ಇದನ್ನು ಸ್ಮಿಯರ್ ಕ್ಯಾಂಪೇನ್ ಅಂತಾರೆ. ನಮ್ಮಲ್ಲಿ ಚಾಡಿ ಅನ್ನೋ ಪದ ಇದೆ, ಆದರೆ ಸಾಲದು. ಚಾಡಿ ಹೇಳುವವನನ್ನು ಜನ ಚಾಡಿಕೋರ ಅಂತ ಗುರುತಿಸುತ್ತಾರೆ. ಈ ಕೆಲಸ ಮಾಡುವವನು ಜನರ ಕಣ್ಣಿಗೆ ಒಳ್ಳೇ ಮನುಷ್ಯ, ಪಾಪದ ಮನುಷ್ಯ.

ಕಥೆ ಚುಟುಕಾಗಿ ಹೇಳಿಬಿಡ್ತೀನಿ. ಎಂಬತ್ತು ವರ್ಷದ ಹಳೇ ಸಿನಿಮಾ, ಸ್ಪಾಯ್ಲರ್ ಅಂತ ಬೈಬೇಡಿ. ಲಂಡನ್ನಿನ ಒಂದು ಮನೆಯಲ್ಲಿ ಪ್ರಸಿದ್ಧ ಗಾಯಕಿಯ ಕೊಲೆಯಾಗಿದೆ. ವರ್ಷಗಳ ನಂತರ ಆಕೆ ಸಾಕಿದ್ದ ಪೌಲಾ, ಗ್ರೆಗರಿ ಅನ್ನೋ ಪಿಯಾನೋ ವಾದಕನನ್ನು ಮದುವೆಯಾಗಿ ಅದೇ ಮನೆಗೆ ಬರುತ್ತಾಳೆ. ಕೊಲೆಗಾರ ಅವನೇ. ಸತ್ತವಳ ಒಡವೆ ಮನೆಯಲ್ಲೇ ಎಲ್ಲೋ ಇದೆ, ರಾತ್ರಿ ಅಟ್ಟ ಹತ್ತಿ ಹುಡುಕುತ್ತಾನೆ. ಅವನು ಅಲ್ಲಿ ದೀಪ ಹಚ್ಚಿದಾಗ ಕೆಳಗೆ ಅವಳ ಕೋಣೆಯ ಗ್ಯಾಸ್ ದೀಪ ಮಂಕಾಗುತ್ತದೆ. ಅವಳಿಗೆ ಹುಚ್ಚು ಅಂತ ಆಸ್ಪತ್ರೆಗೆ ಸೇರಿಸಿಬಿಟ್ಟರೆ ಅವನ ದಾರಿ ಸಲೀಸು.

ಈಗ ಗ್ರೆಗರಿ ಮಾಡುವುದನ್ನು ಅನುಕ್ರಮವಾಗಿ ನೋಡಿ. ಕೆಲಸಕ್ಕೆ ಬಂದ ಹೊಸ ಹುಡುಗಿ ನ್ಯಾನ್ಸಿಗೆ ಶುರುವಿನಲ್ಲೇ ಹೇಳಿಬಿಡುತ್ತಾನೆ: ಅಮ್ಮಾವ್ರಿಗೆ ಮನಸ್ಸು ಸೂಕ್ಷ್ಮ, ಅವರಿಗೆ ತೊಂದರೆ ಕೊಡಬೇಡ, ಏನಿದ್ದರೂ ನನ್ನನ್ನು ಕೇಳು. ಪೌಲಾ ಆ ಹುಡುಗಿಯ ಜೊತೆ ನೆಟ್ಟಗೆ ನಾಲ್ಕು ಮಾತಾಡುವ ಮೊದಲೇ ಇದು ಆಗಿಹೋಗಿದೆ. ಆಮೇಲೆ ಪೌಲಾ ದನಿ ಎತ್ತಿದರೂ, ಅತ್ತರೂ, ಸುಮ್ಮನೆ ಕೂತರೂ ನ್ಯಾನ್ಸಿಗೆ ಕಾಣೋದು ಒಂದೇ. ಪಕ್ಕದ ಮಿಸ್ ಥ್ವೇಟ್ಸ್ ಮಾತಾಡಿಸಲು ಬಂದರೆ ಬಾಗಿಲಲ್ಲೇ ವಾಪಸ್. ಗೋಡೆಯ ಚಿತ್ರ ಕಾಣೆಯಾದಾಗ ಕೆಲಸದವರನ್ನು ಸಾಲಾಗಿ ನಿಲ್ಲಿಸಿ ಬೈಬಲ್ ಮುಟ್ಟಿ ಪ್ರಮಾಣ ಮಾಡಿಸುತ್ತಾನೆ. ಮೇಲ್ನೋಟಕ್ಕೆ ಎಂಥ ನ್ಯಾಯವಂತ! ಅಸಲಿಗೆ ಅದು ಪ್ರೇಕ್ಷಕರನ್ನು ಕರೆಸಿ ಆಡಿದ ನಾಟಕ.

ಇನ್ನು ಲೇಡಿ ಡಾಲ್ರಾಯ್ ಮನೆಯ ಸಂಗೀತ ಕೂಟ. ಪೌಲಾ ಹಟ ಹಿಡಿದು, ಚೆಂದವಾಗಿ ಡ್ರೆಸ್ ಮಾಡಿಕೊಂಡು ಹೊರಟಿದ್ದಾಳೆ. ಕಛೇರಿ ನಡುವೆ ಗ್ರೆಗರಿ ತನ್ನ ವಾಚು ಕಾಣ್ತಿಲ್ಲ ಅಂತ ಪಿಸುಗುಟ್ಟಿ, ಅವಳ ಕೈಚೀಲದಿಂದಲೇ ಅದನ್ನು ತೆಗೆಯುತ್ತಾನೆ. ಅವಳು ತಡೆಯಲಾಗದೆ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಇಡೀ ಸಭೆ ತಿರುಗಿ ನೋಡುತ್ತದೆ. ಅವನು ಕ್ಷಮೆ ಕೇಳಿ, ಮೃದುವಾಗಿ ಅವಳನ್ನು ಕರೆದುಕೊಂಡು ಹೊರಡುತ್ತಾನೆ. ಅಲ್ಲಿದ್ದ ಯಾರನ್ನೇ ಸಾಕ್ಷಿ ಕೇಳಿ: ತಾಳ್ಮೆಯ ಗಂಡ, ತಲೆ ಕೆಟ್ಟ ಹೆಂಡತಿ. ಅವರು ಸುಳ್ಳು ಹೇಳುತ್ತಿಲ್ಲ. ಕಂಡಿದ್ದನ್ನೇ ಹೇಳುತ್ತಿದ್ದಾರೆ.

ಇಂಥ ಸಂಬಂಧದಿಂದ ಹೊರಬಂದ ನನ್ನ ಸ್ನೇಹಿತೆಯೊಬ್ಬಳಿಗೆ ಈ ಚಿತ್ರ ತೋರಿಸಿದಾಗ ಅವಳು ಬೆಚ್ಚಿದ್ದು ದೀಪಕ್ಕಲ್ಲ, ನ್ಯಾನ್ಸಿಯ ಸೀನಿಗೆ. ಅವಳು ಮನೆ ಬಿಟ್ಟ ಮೇಲೆ ಗೊತ್ತಾಗಿದ್ದು ಏನಂದ್ರೆ, ಅವಳಿಗೆ 'ಡಿಪ್ರೆಶನ್' ಅನ್ನೋ ಸುದ್ದಿ ಅದಕ್ಕೂ ಒಂದು ವರ್ಷ ಮೊದಲೇ ಗಂಡನ ಕಡೆಯಿಂದ ಅವಳ ಚಿಕ್ಕಮ್ಮನ ಮನೆ ತಲುಪಿತ್ತು. ಜೊತೆಗೆ ಒಂದು ಬಾಲ: "ನಾನು ಹೇಳಿದೆ ಅಂತ ಅವಳಿಗೆ ಹೇಳ್ಬೇಡಿ ಚಿಕ್ಕಮ್ಮ, ಪಾಪ, ನೊಂದ್ಕೋತಾಳೆ."

ನನ್ನ ಲೆಕ್ಕದಲ್ಲಿ ಗುರುತು ಹಿಡಿಯೋದು ಈ ಬಾಲದಿಂದ. ಸಂಬಂಧ ಮುರಿದಾಗ ಎಲ್ಲರೂ ತಮ್ಮ ಕಡೆಯ ಕಥೆ ಹೇಳ್ತಾರೆ, ಬೈತಾರೆ, ಉತ್ಪ್ರೇಕ್ಷೆ ಮಾಡ್ತಾರೆ. ಅದು ಮನುಷ್ಯ ಸಹಜ. ಅದನ್ನೆಲ್ಲ ನಾರ್ಸಿಸಿಸ್ಟ್ ಅಂತ ಕರೆಯಬೇಕಿಲ್ಲ, ಆ ರೋಗನಿರ್ಣಯ ಮಾಡಬೇಕಾದವರು ಡಾಕ್ಟರು, ರೀಲ್ಸ್ ಅಲ್ಲ. ನೊಂದವನು "ಅವಳು ನನಗೆ ಹೀಗೆ ಮಾಡಿದಳು" ಅಂತಾನೆ. ಹೆಸರು ಕೆಡಿಸಲು ಹೊರಟವನು "ಅವಳು ಇರೋದೇ ಹಾಗೆ" ಅಂತಾನೆ. ಅದೂ ಜಗಳಕ್ಕೆ ಮೊದಲೇ, ನಿಮಗೆ ನಾಳೆ ಬೇಕಾಗುವ ಜನರನ್ನೇ ಆರಿಸಿ, ಕಾಳಜಿಯ ದನಿಯಲ್ಲಿ, ನಿಮ್ಮ ಕಿವಿಗೆ ಬೀಳದ ಹಾಗೆ. ನೀವು ಬಾಯಿ ಬಿಡುವ ಹೊತ್ತಿಗೆ ನಿಮ್ಮ ಮಾತಿಗೆ ಹೆಸರಿಟ್ಟಾಗಿದೆ. ಆರೋಪ ಬಂದ ಕೂಡಲೇ ಅಲ್ಲಗಳೆದು, ಎದುರಿನವರ ಮೇಲೇ ಬಿದ್ದು, ತಾನೇ ಸಂತ್ರಸ್ತ ಅಂತ ತಿರುಗಿಸಿಬಿಡುವ ಈ ವರಸೆಗೆ ಅಮೆರಿಕದ ಮನಶ್ಶಾಸ್ತ್ರಜ್ಞೆ ಜೆನಿಫರ್ ಫ್ರೈಡ್ 1997ರಲ್ಲಿ 'ಡಾರ್ವೋ' ಅಂತ ಹೆಸರು ಕೊಟ್ಟರು. ಗ್ರೆಗರಿ ಅದನ್ನು ಅರ್ಧ ಶತಮಾನ ಮೊದಲೇ ಮಾಡಿ ತೋರಿಸಿದ್ದ.

ಚಿತ್ರದ ಅತ್ಯುತ್ತಮ ದೃಶ್ಯ ಅಂದರೆ ನನಗೆ ಅಡುಗೆಯ ಎಲಿಜಬೆತ್‌ದು. ಪೊಲೀಸ್ ಅಧಿಕಾರಿ ಕ್ಯಾಮರಾನ್ ಮನೆಗೆ ಬಂದು ಗ್ರೆಗರಿಯ ಮೇಜನ್ನು ಒಡೆದು ನೋಡಿ ಹೋಗಿದ್ದಾನೆ. ಗ್ರೆಗರಿ ಕೇಳಿದಾಗ ಪೌಲಾ, ಒಬ್ಬರು ಬಂದಿದ್ದರು ಅಂತ ನಿಜ ಹೇಳುತ್ತಾಳೆ. ಅವನು ಎಲಿಜಬೆತ್‌ಳನ್ನು ಕರೆಸಿ ಕೇಳುತ್ತಾನೆ. ಯಾರೂ ಬಂದಿಲ್ಲ ಅನ್ನುತ್ತಾಳೆ ಅವಳು. ಯಜಮಾನಿಯನ್ನು ಉಳಿಸಬೇಕು ಅಂತ, ಪೂರಾ ಒಳ್ಳೇ ಮನಸ್ಸಿನಿಂದ. ಅಷ್ಟೇ, ಪೌಲಾ ಕುಸಿಯುತ್ತಾಳೆ. ಹಾಗಾದರೆ ನಾನು ಕಂಡದ್ದು ಕನಸು! ಅಷ್ಟು ದಿನ ಗಂಡ ಮಾಡಿದ ಕೆಲಸ ಒಂದು ಕಡೆ, ತನ್ನವಳೇ ಆದ ಎಲಿಜಬೆತ್ ಹೇಳಿದ ಈ ಒಂದು ಮಾತು ಇನ್ನೊಂದು ಕಡೆ.

ನಮ್ಮ ಸುತ್ತ ಎಲಿಜಬೆತ್‌ಗಳು ಎಷ್ಟು ಜನ ಅಲ್ವಾ? "ನಮಗ್ಯಾಕೆ ಗೊಡವೆ", "ಒಂದೇ ಕೈಲಿ ಚಪ್ಪಾಳೆ ಆಗಲ್ಲಮ್ಮ", "ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಇವರ್ಯಾರೂ ಕೆಟ್ಟವರಲ್ಲ. ಮಧ್ಯಸ್ಥಿಕೆ ಅಂದುಕೊಂಡೇ ಹೇಳ್ತಾರೆ. ಆದರೆ ನೊಂದವಳಿಗೆ ಆ ಹೊತ್ತಲ್ಲಿ ಬೇಕಿರೋದು, ಹೌದು ನಾನೂ ನೋಡಿದೆ ಅನ್ನುವ ಒಬ್ಬರು. ಕ್ಯಾಮರಾನ್ ಪೌಲಾಳ ಕೋಣೆಯಲ್ಲಿ ನಿಂತು ದೀಪ ಮಂಕಾಗುವುದನ್ನು ತಾನೂ ನೋಡುತ್ತಾನಲ್ಲ, ಅವಳ ಮುಖದಲ್ಲಿ ಜೀವ ಮರಳುವುದು ಆಗಲೇ.

ಸಿನಿಮಾದ ದೌರ್ಬಲ್ಯವೂ ಈ ಕ್ಯಾಮರಾನೇ. ನಾಟಕದಲ್ಲಿ ಈ ಪಾತ್ರ ಒಬ್ಬ ನಿವೃತ್ತ, ವಯಸ್ಸಾದ ಪತ್ತೇದಾರ. ಹಾಲಿವುಡ್ ಅವನನ್ನು ಸುಂದರಾಂಗ ಜೋಸೆಫ್ ಕಾಟನ್ ಮಾಡಿ, ಕೊನೆಗೆ ಪ್ರೇಮದ ಸುಳಿವನ್ನೂ ಇಟ್ಟಿತು. ನಿಜ ಜೀವನದಲ್ಲಿ ಸ್ಕಾಟ್ಲೆಂಡ್ ಯಾರ್ಡ್ ಬರಲ್ಲ. ಅಟ್ಟದಲ್ಲಿ ಒಡವೆಯೂ ಇರಲ್ಲ. ಎಷ್ಟೋ ಸಲ ಹೆಸರು ಕೆಡಿಸುವವನಿಗೆ ಬೇಕಿರೋದು ತನ್ನ ಒಳ್ಳೇತನದ ಇಮೇಜು ಅಷ್ಟೇ.

ಹಾಗಾದರೆ ಕ್ಯಾಮರಾನ್ ಇಲ್ಲದವರು ಏನು ಮಾಡಬೇಕು? ಸಿನಿಮಾ ಇದಕ್ಕೆ ಉತ್ತರ ಕೊಡಲ್ಲ, ನನ್ನ ಸ್ನೇಹಿತೆ ಮಾಡಿದ್ದನ್ನು ಹೇಳ್ತೀನಿ. ಮೊದಲು ಎಲ್ಲರಿಗೂ ಫೋನ್ ಮಾಡಿ ವಿವರಿಸಲು ಹೋದಳು. ವಿವರಿಸಿದಷ್ಟೂ "ನೋಡು, ಹೇಗಾಡ್ತಾಳೆ" ಅನ್ನೋ ಮಾತಿಗೆ ಪುರಾವೆ ಆಯ್ತು. ಡಾಲ್ರಾಯ್ ಮನೆಯ ಅಳು ಆದ ಹಾಗೆ. ಆಮೇಲೆ ನಿಲ್ಲಿಸಿದಳು. ಮೆಸೇಜು, ಮೇಲ್, ತಾರೀಕು ಎಲ್ಲ ಒಂದು ಕಡೆ ಜೋಡಿಸಿಟ್ಟಳು. ಮೂರು ಜನರನ್ನು ಆರಿಸಿ ಅವರಿಗೆ ಮಾತ್ರ ಪೂರ್ತಿ ಹೇಳಿದಳು. ವಕೀಲರನ್ನು ಕಂಡಳು. ನಮ್ಮಲ್ಲಿ 2005ರ ಕೌಟುಂಬಿಕ ಹಿಂಸೆ ಕಾಯ್ದೆ ಹಂಗಿಸುವುದನ್ನು, ಅವಮಾನ ಮಾಡುವುದನ್ನು ಕೂಡ ಹಿಂಸೆ ಅಂತಲೇ ಎಣಿಸುತ್ತದೆ ಅನ್ನೋದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೌನ್ಸೆಲಿಂಗ್‌ಗೂ ಹೋದಳು. ಹೋದರೆ ಗಂಡ ಹಬ್ಬಿಸಿದ ಡಿಪ್ರೆಶನ್ ಕಥೆಯೇ ನಿಜ ಅಂದಂತಾಗುತ್ತೆ ಅಂತ ಆರು ತಿಂಗಳು ಹೆದರಿದ್ದಳು ಪಾಪ.

ಸಿನಿಮಾದ ಕೊನೆಗೆ ಕಟ್ಟಿಹಾಕಿದ ಗ್ರೆಗರಿ, ಹಗ್ಗ ಕತ್ತರಿಸು ಅಂತ ಹೆಂಡತಿಯನ್ನು ಬೇಡುತ್ತಾನೆ. ಚಾಕು ಹಿಡಿದ ಪೌಲಾ, ನಾನು ಹುಚ್ಚಿಯಲ್ಲವೇ, ಹುಚ್ಚಿ ಹೇಗೆ ಸಹಾಯ ಮಾಡಲಿ ಅಂತ ಅವನು ಕೊಟ್ಟ ಹೆಸರನ್ನು ಅವನಿಗೇ ವಾಪಸ್ ಕೊಡುತ್ತಾಳೆ. ಬರ್ಗ್‌ಮನ್ ಅಭಿನಯ ಅಲ್ಲಿ ಮೈ ಜುಮ್ಮೆನ್ನಿಸುತ್ತದೆ. ಆದರೂ ನನಗೆ ಕಾಡೋದು ಚಿತ್ರ ತೋರಿಸದೇ ಬಿಟ್ಟದ್ದು. ಆ ಸಂಗೀತ ಕೂಟದಲ್ಲಿ ತಿರುಗಿ ನೋಡಿದವರೆಲ್ಲ ಏನಂದುಕೊಂಡರು? ಅವರಲ್ಲಿ ಎಷ್ಟು ಜನ ಪೌಲಾಳ ಮನೆ ಬಾಗಿಲಿಗೆ ಬಂದರು? ನನ್ನ ಸ್ನೇಹಿತೆಯ ಚಿಕ್ಕಮ್ಮ ಈಗಲೂ ಮದುವೆ ಮುಂಜಿಗಳಲ್ಲಿ ಸಿಕ್ಕರೆ ದನಿ ತಗ್ಗಿಸಿ "ಈಗ ಆರಾಮಿದ್ದೀಯೇನಮ್ಮ?" ಅಂತಾರೆ. ಆರಾಮಾಗಿದ್ದೀನಿ ಅಂತ ಹೇಳಿ ಅವಳು ಊಟದ ಪಂಕ್ತಿಗೆ ಹೋಗಿ ಕೂರುತ್ತಾಳೆ.