ಹಾಡೇನೋ ಸರಿ, ಊರು ಯಾವುದು?

2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ಶುರುವಾದ ರೇಡಿಯೋ ಸಿಟಿ ದೇಶದ ಮೊದಲ ಖಾಸಗಿ ಎಫ್‌ಎಂ. ಆಮೇಲೆ ಬಂದ ಸ್ಟೇಷನ್‌ಗಳಲ್ಲಿ ಹೆಚ್ಚಿನವು ಸಿನಿಮಾ ಹಾಡಿನ ಬೆನ್ನು ಹತ್ತಿದವು. 2006ರಲ್ಲಿ ಬಂದ 91.9ರ ಇಂಡಿಗೋ ಮಾತ್ರ ಪರದೇಶದ ರಾಕ್ ಮತ್ತು ಪಾಪ್ ಹಾಡುಗಳನ್ನೇ ನೆಚ್ಚಿಕೊಂಡಿತು. ಅದು ಸಣ್ಣ ಧೈರ್ಯವಲ್ಲ. ಅಷ್ಟೊತ್ತಿಗೆ ಮೇಖ್ರಿ ಸರ್ಕಲ್ ಪಕ್ಕದ ಅರಮನೆ ಮೈದಾನಕ್ಕೆ ರೋಲಿಂಗ್ ಸ್ಟೋನ್ಸ್ ಬಂದು ಮಳೆಯಲ್ಲಿ ಹಾಡಿಹೋಗಿದ್ದರು, ಮಾರ್ಕ್ ನಾಫ್ಲರ್ ಗಿಟಾರ್ ನುಡಿಸಿಹೋಗಿದ್ದ. ಕೇಳುವ ಕಿವಿ ಊರಲ್ಲಿ ಇದ್ದೇ ಇತ್ತು. ಇಂಡಿಗೋ ಆ ಸಂಗೀತವನ್ನು ದಿನವಿಡೀ ಗಾಳಿಯಲ್ಲಿ ಉಳಿಸಿತು. ಆ ಋಣ ದೊಡ್ಡದು, ತಕರಾರು ಇರುವುದು ಬೇರೆ ಕಡೆ.

ಸಂಜೆ ಎಸ್ಟೀಮ್ ಮಾಲ್ ಮುಂದೆ ಗಾಡಿ ಜರುಗದೆ ನಿಂತಾಗ ಇಂಥ ಸ್ಟೇಷನ್ ಹಾಕಿಕೊಂಡು ಕೂತವರಿಗೆ ಇದರ ವರಸೆ ಗೊತ್ತು. ಹಾಡು, ಜಿಂಗಲ್, ದೇವನಹಳ್ಳಿ ಕಡೆಯ ಫ್ಲ್ಯಾಟಿನ ಜಾಹೀರಾತು, ಮತ್ತೆ ಹಾಡು. ನಡುವೆ ಆರ್‌ಜೆ ಉಲ್ಲಾಸದಿಂದ ಟ್ರಾಫಿಕ್ ಬಗ್ಗೆ, ವೀಕೆಂಡ್ ಬಗ್ಗೆ ಮಾತಾಡುತ್ತಾರೆ. ಹಾಡಿದವರು ಯಾರು, ಎಲ್ಲಿಯವರು ಎಂಬುದು ಮಾತ್ರ ಬಹಳ ಸಲ ಬಾಯಿಗೆ ಬರುವುದಿಲ್ಲ. ಎಲ್ಲವೂ ‘ಇಂಟರ್‌ನ್ಯಾಷನಲ್’ ಎಂಬ ಒಂದೇ ಡಬ್ಬಿಗೆ ಬಿದ್ದು ಯಾವುದೋ ಇಲ್ಲದ ಊರಿನ ಸಂಗೀತವಾಗಿಬಿಡುತ್ತವೆ.

ಸ್ಕಾಟ್ಲೆಂಡನ್ನೇ ನೋಡಿ. ನಾಫ್ಲರ್ ಹುಟ್ಟಿದ್ದು ಗ್ಲಾಸ್ಗೋದಲ್ಲಿ. ನಾವು ಆಸ್ಟ್ರೇಲಿಯಾದ್ದು ಅಂದುಕೊಂಡಿರುವ ಎಸಿ/ಡಿಸಿ ತಂಡದ ಯಂಗ್ ಸಹೋದರರೂ ಅಲ್ಲಿಯವರೇ, 1963ರಲ್ಲಿ ಮನೆಮಂದಿಯೊಡನೆ ವಲಸೆ ಹೋದವರು. ಗಾಯಕ ಬಾನ್ ಸ್ಕಾಟ್ ಕೂಡ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನು, ಎಳೆಯ ವಯಸ್ಸಿನಲ್ಲಿ ಪೈಪ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವನು. 1975ರ ‘ಇಟ್ಸ್ ಎ ಲಾಂಗ್ ವೇ ಟು ದ ಟಾಪ್’ ಹಾಡಿಗೆ ಬ್ಯಾಗ್‌ಪೈಪ್ ಕಲಿತು ತಾನೇ ಊದಿದ. ಹಾಡಿನ ನಡುವೆ ಗಿಟಾರ್ ಒಂದು ಮಾತೆಸೆಯುತ್ತದೆ, ಪೈಪು ತಿರುಗಿ ಉತ್ತರ ಕೊಡುತ್ತದೆ. ಅಡಿಯಲ್ಲಿ ಎಳೆದು ಹಿಡಿದ ಸ್ವರ ನಮ್ಮ ಓಲಗದವರ ಶ್ರುತಿಯ ಹಾಗೆ ಒಂದೇ ಸಮನೆ ನಿಂತಿರುತ್ತದೆ. ಇಷ್ಟು ಹೇಳಲು ಇಪ್ಪತ್ತು ಸೆಕೆಂಡ್ ಸಾಕು. ಹೇಳಿದ ಮೇಲೆ ಕೇಳಿದರೆ ಅದು ಬರೀ ಗದ್ದಲದ ಹಾಡಲ್ಲ, ಬಿಟ್ಟುಬಂದ ನಾಡನ್ನು ಕರೆಂಟ್ ಗಿಟಾರಿನ ಪಕ್ಕ ಕೂರಿಸಿಕೊಂಡವರ ಹಾಡು.

ಸ್ಕಾಟ್ಲೆಂಡಿನವರೇ ಆದ ಪ್ರೊಕ್ಲೇಮರ್ಸ್ ಅವಳಿಗಳು ‘500 ಮೈಲ್ಸ್’ ಹಾಡುವುದು ತಮ್ಮೂರಿನ ಅಪ್ಪಟ ಉಚ್ಚಾರದಲ್ಲಿ. ಅಲ್ಲಿಯದೇ ರನ್‌ರಿಗ್ ತಂಡ 1995ರಲ್ಲಿ ಗೇಲಿಕ್ ಭಾಷೆಯ ಹಾಡೊಂದನ್ನು ಬ್ರಿಟನ್ನಿನ ಮೊದಲ ಇಪ್ಪತ್ತರ ಪಟ್ಟಿಗೇರಿಸಿತು. 2011ರ ಜನಗಣತಿಯಂತೆ ಸ್ಕಾಟ್ಲೆಂಡಿನಲ್ಲಿ ಆ ಭಾಷೆ ಆಡುವವರು ಸುಮಾರು 57 ಸಾವಿರ ಮಂದಿ, ನಮ್ಮ ಒಂದೆರಡು ವಾರ್ಡಿಗೆ ಸಾಲುವಷ್ಟು ಜನ! ಶಿಶುನಾಳ ಷರೀಫರ ಪದಗಳನ್ನು ಗಿಟಾರಿಗೆ ಹೊಂದಿಸಿ ಹಾಡುವ ರಘು ದೀಕ್ಷಿತರನ್ನು ಮೆಚ್ಚಿದ ಊರಿಗೆ ಇದು ತಲೆಗೆ ಹತ್ತದ ಸಂಗತಿಯೇ? ಹೇಳುವವರು ಬೇಕು ಅಷ್ಟೇ.

ಹೇಳುವ ರೂಢಿ ನಮಗೆ ಹೊಸದೂ ಅಲ್ಲ. ಆಕಾಶವಾಣಿಯಲ್ಲಿ ಭಾವಗೀತೆ ಬಂದರೆ ಸಾಹಿತ್ಯ ಯಾರದು, ರಾಗ ಸಂಯೋಜನೆ ಯಾರದು, ಹಾಡಿದವರು ಯಾರು ಎಂದು ತಿಳಿಸದೆ ಉದ್ಘೋಷಕರು ಮುಂದೆ ಹೋಗುತ್ತಿರಲಿಲ್ಲ. ಒಣ ದನಿಯಲ್ಲಿ ಹೇಳಿದರೂ ಕವಿಗಳ ಹೆಸರು ಮನೆಮನೆಗೆ ತಲುಪಿದ್ದು ಹಾಗೆಯೇ. ಊರಿನ ಹೆಸರು ಹೇಳುವುದೂ ರೇಡಿಯೋಗೆ ಹಳೆಯ ರೂಢಿಯೇ. ಬೆಂಗಳೂರಿನ ಯಲಹಂಕದಲ್ಲಿ ಆಕಾಶವಾಣಿಯ ಸೂಪರ್ ಪವರ್ ಟ್ರಾನ್ಸ್‌ಮಿಟರ್‌ಗಳು 500 ಕಿಲೋವಾಟ್ ಬಲದ ಶಾರ್ಟ್‌ವೇವ್‌ನಲ್ಲಿ ಪರದೇಶಗಳಿಗೆ ಮಾತು ಮುಟ್ಟಿಸಿದವು. ಶಾರ್ಟ್‌ವೇವ್ ಹುಚ್ಚಿನವರು ಮುಳ್ಳು ತಿರುಗಿಸುತ್ತ ಕಿವಿಗೊಟ್ಟು ಕಾಯುವುದೇ ಸ್ಟೇಷನ್ ಯಾವ ಊರಿನದು ಎಂಬ ಆ ಒಂದು ಘೋಷಣೆಗೆ.

ಎಫ್‌ಎಂನವರು ‘ಮಾತು ಜಾಸ್ತಿಯಾದರೆ ಕೇಳುಗ ಸ್ಟೇಷನ್ ಬದಲಿಸುತ್ತಾನೆ’ ಎನ್ನುವುದು ಸುಳ್ಳಲ್ಲ. ಆದರೆ ಬರೀ ಹಾಡು ಬೇಕಿದ್ದವನು ಈಗಾಗಲೇ ಮೊಬೈಲಿಗೆ ಹೋಗಿಯಾಗಿದೆ. ಅಲ್ಲಿ ಆ್ಯಪ್ ಪಟ್ಟಿ ಕೊಡುತ್ತದೆ, ಜಾಹೀರಾತಿನ ಕಾಟವೂ ಕಡಿಮೆ. ರೇಡಿಯೋ ಹತ್ತಿರ ಇನ್ನೂ ಉಳಿದಿರುವ ಬಂಡವಾಳ ಹೇಳುವ ಬಾಯಿ ಒಂದೇ, ಅದನ್ನೇ ಟ್ರಾಫಿಕ್ ವರದಿಗೆ ಸವೆಸಿದರೆ ಹೇಗೆ? ವಾರಕ್ಕೆ ಒಂದು ಗಂಟೆ, ಒಂದು ದೇಶ, ಹಾಡಿಗೆ ಇಪ್ಪತ್ತು ಸೆಕೆಂಡ್ ಮಾತು. ಮೊದಲ ವಾರ ಗ್ಲಾಸ್ಗೋ ಆಗಲಿ. ನಡುವೆ ನಾಲ್ಕು ಫ್ಲ್ಯಾಟ್ ಬೇಕಾದರೆ ಮಾರಿಕೊಳ್ಳಲಿ, ಬೇಸರವಿಲ್ಲ.